ಹಾಡಿಲ್ಲದ ತಟ್ಟೆ

ಶಬ್ದವೊಂದು ದೇಶದಿಂದ ದೇಶಕ್ಕೆ ಪಯಣ ಮಾಡುವಾಗ ತನ್ನ ಅರ್ಥವನ್ನು ದಾರಿಯಲ್ಲಿಯೇ ಕಳೆದುಕೊಂಡು ಬರುವುದುಂಟು. ‘ಡಿಜೆ’ ಎಂಬ ಎರಡಕ್ಷರಗಳಿಗೆ ನಮ್ಮಲ್ಲಿ ಒದಗಿರುವ ಗತಿ ಇದು. ಹುಟ್ಟಿದ ಊರಿನಲ್ಲಿ ಅದು ಒಬ್ಬ ಮನುಷ್ಯನ ಹೆಸರು: ಡಿಸ್ಕ್ ಜಾಕಿ, ಎಂದರೆ ಗ್ರಾಮೊಫೋನ್ ತಟ್ಟೆಗಳ ಸವಾರ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಸೀಮೆಗಳಲ್ಲಿ ಇಂದು ಆ ಮಾತನ್ನು ಆಡಿ ನೋಡಿ; ಕೇಳಿದವನ ಕಣ್ಣ ಮುಂದೆ ಮನುಷ್ಯನೊಬ್ಬ ಬಂದು ನಿಲ್ಲುವುದಿಲ್ಲ, ಟ್ರ್ಯಾಕ್ಟರಿನ ಮೇಲೆ ಆಳೆತ್ತರಕ್ಕೆ ಪೇರಿಸಿದ ಧ್ವನಿವರ್ಧಕಗಳು ಬಂದು ನಿಲ್ಲುತ್ತವೆ. ‘ಡಿಜೆ ಕರೆಸಿದ್ದಾರೆ’ ಎನ್ನುವವರಿಲ್ಲ. ‘ಡಿಜೆ ತರಿಸಿದ್ದಾರೆ’ ಎನ್ನುವವರೇ ಎಲ್ಲ. ಕರೆಸುವುದು ಮನುಷ್ಯನನ್ನು, ತರಿಸುವುದು ಸಾಮಾನನ್ನು. ಕ್ರಿಯಾಪದವೊಂದು ಬದಲಾದದ್ದರಲ್ಲಿ ಒಂದು ಕಲೆಯ ಇಡೀ ದುರಂತವೇ ಅಡಗಿದೆ.

೨೦೨೫ರ ಗಣೇಶನ ಹಬ್ಬದ ಹೊತ್ತಿಗೆ ದಾವಣಗೆರೆಯ ಜಿಲ್ಲಾಡಳಿತವು ಮೆರವಣಿಗೆಗಳಲ್ಲಿ ಡಿಜೆ ಬಳಸಕೂಡದೆಂದು ನಿಷೇಧ ಹೇರಿತು. ವಾದ ವಿವಾದಗಳು ಎದ್ದವು. ಒಂದು ಕಡೆಯವರು ಕಿವಿಯ ಆರೋಗ್ಯದ ಮಾತನ್ನೆತ್ತಿದರು. ಇನ್ನೊಂದು ಕಡೆಯವರು ಹಬ್ಬದ ಸಂಭ್ರಮದ ಮಾತನ್ನೆತ್ತಿದರು. ಇಬ್ಬರ ಮಾತಿನಲ್ಲಿಯೂ ಅಷ್ಟಿಷ್ಟು ಸತ್ಯವಿಲ್ಲದೆ ಇಲ್ಲ. ಆದರೆ ವಿಮರ್ಶಕನಾದವನು ಕೇಳಬೇಕಾದ ಪ್ರಶ್ನೆ ಬೇರೊಂದಿದೆ. ಇದು ಕಲೆಯೆ? ಕಲೆಯಾದರೆ ಅದರ ಕೈ ಎಲ್ಲಿ? ಈ ಪ್ರಶ್ನೆಗೆ ಉತ್ತರ ಹುಡುಕಲು ನಾವು ಟ್ರ್ಯಾಕ್ಟರನ್ನು ಬಿಟ್ಟು ತಟ್ಟೆಯ ಬಳಿಗೆ ಹೋಗಬೇಕು. ಅದೂ ಎಂಥ ತಟ್ಟೆ? ಒಂದೇ ಒಂದು ಹಾಡೂ ಇಲ್ಲದ ತಟ್ಟೆ.

ಮೊದಲು ಹಾಡಿದ್ದ ತಟ್ಟೆಯ ಕಥೆ. ೧೯೭೩ರಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್ ಬಡಾವಣೆಯಲ್ಲಿ ಕೂಲ್ ಹರ್ಕ್ ಎಂಬ ಜಮೈಕಾ ಮೂಲದ ತರುಣ ಒಂದು ಸಂಗತಿಯನ್ನು ಕಂಡುಕೊಂಡ. ಹಾಡು ನಿಂತು ಬರಿಯ ತಾಳವಾದ್ಯಗಳು ನುಡಿಯುವ ಕೆಲವೇ ಕ್ಷಣಗಳಲ್ಲಿ ಜನ ಹೆಚ್ಚು ಹುರುಪಿನಿಂದ ಕುಣಿಯುತ್ತಾರೆ. ಆ ಕ್ಷಣಗಳನ್ನು ಹಿಗ್ಗಿಸುವುದು ಹೇಗೆ? ಒಂದೇ ಹಾಡಿನ ಎರಡು ತಟ್ಟೆಗಳನ್ನು ಎರಡು ಯಂತ್ರಗಳ ಮೇಲಿಟ್ಟ. ಒಂದರಲ್ಲಿ ಆ ಭಾಗ ಮುಗಿಯುವಷ್ಟರಲ್ಲಿ ಇನ್ನೊಂದರಲ್ಲಿ ಅದನ್ನೇ ಮೊದಲಿಟ್ಟ. ಅದು ಮುಗಿಯುವಷ್ಟರಲ್ಲಿ ಮೊದಲನೆಯದನ್ನು ಹಿಂದಕ್ಕೆ ತಿರುಗಿಸಿದ. ನಮ್ಮ ಡೊಳ್ಳಿನ ಮೇಳದವರಿಗೆ ಇದರಲ್ಲಿ ಆಶ್ಚರ್ಯಪಡುವಂಥದು ಏನೂ ಇಲ್ಲ. ಕುಣಿತ ಕಾವೇರಿದಾಗ ಅದೇ ಪೆಟ್ಟನ್ನು ಸುತ್ತಿ ಸುತ್ತಿ ಬಾರಿಸುವುದು ಅವರಿಗೆ ರಕ್ತಗತವಾದ ವಿದ್ಯೆ. ಹರ್ಕನ ಕೈಯಲ್ಲಿ ಡೊಳ್ಳಿರಲಿಲ್ಲ, ತಟ್ಟೆಯಿತ್ತು, ಅಷ್ಟೇ ಭೇದ. ಸ್ವಲ್ಪ ಕಾಲದಲ್ಲಿಯೇ ಅದೇ ಬಡಾವಣೆಯ ಥಿಯೊಡೋರ್ ಎಂಬ ಹುಡುಗ, ತಿರುಗುವ ತಟ್ಟೆಯನ್ನು ಬೆರಳಿನಿಂದ ಹಿಂದು ಮುಂದಾಗಿ ಉಜ್ಜಿ, ಮುಳ್ಳಿನಿಂದಲೇ ಹೊಸದೊಂದು ನಾದವನ್ನು ಹೊರಡಿಸಿದ. ಅದುವರೆಗೆ ತಟ್ಟೆ ಕೇಳುವ ವಸ್ತುವಾಗಿತ್ತು. ಅಂದಿನಿಂದ ನುಡಿಸುವ ವಾದ್ಯವಾಯಿತು. ಜಪಾನಿನ ಟೆಕ್ನಿಕ್ಸ್ ಎಸ್‌ಎಲ್-೧೨೦೦ ಎಂಬ ಯಂತ್ರ ೧೯೭೨ರಲ್ಲಿಯೇ ಬಂದಿತ್ತು. ಅದರ ಮೋಟಾರು ಪಟ್ಟಿಯ ನೆರವಿಲ್ಲದೆ ನೇರವಾಗಿ ಬಟ್ಟಲನ್ನು ತಿರುಗಿಸುತ್ತಿದ್ದುದರಿಂದ, ಮೇಲಿನ ತಟ್ಟೆಯನ್ನು ಕೈ ಹಿಡಿದು ನಿಲ್ಲಿಸಿದರೂ ಕೆಳಗಿನ ಬಟ್ಟಲು ತನ್ನ ವೇಗವನ್ನು ಬಿಡುತ್ತಿರಲಿಲ್ಲ. ಮನೆಯಲ್ಲಿ ಕುಳಿತು ಕೇಳುವವರಿಗಾಗಿ ಮಾಡಿದ ಯಂತ್ರ ಬೀದಿಯ ಹುಡುಗರ ವೀಣೆಯಾಯಿತು.

ಈ ವಿದ್ಯೆಗೆ ಒಂದು ಭಾರವಿತ್ತು. ರೂಪಕದ ಮಾತಲ್ಲ, ನಿಜವಾದ ಭಾರ. ಒಂದು ರಾತ್ರಿಯ ಕಾರ್ಯಕ್ರಮಕ್ಕೆ ಪೆಟ್ಟಿಗೆಗಟ್ಟಲೆ ತಟ್ಟೆಗಳನ್ನು ಹೊರಬೇಕು. ತಟ್ಟೆಯಾಗಿ ಅಚ್ಚಾಗದ ಹಾಡನ್ನು ನುಡಿಸುವಂತೆಯೇ ಇಲ್ಲ. ಉಜ್ಜಿದಷ್ಟೂ ತಟ್ಟೆ ಸವೆಯುತ್ತದೆ. ಈ ಭಾರವನ್ನು ಇಳಿಸಲು ಕಂಪ್ಯೂಟರು ಬಂದಾಗ ಬೇರೆ ಸಂಕಟ ಎದುರಾಯಿತು: ಹಾಡುಗಳು ಸಾವಿರಗಟ್ಟಲೆ ಸಿಕ್ಕವು, ಆದರೆ ಕೈಗೆ ಹಿಡಿಯಲು ಏನೂ ಉಳಿಯಲಿಲ್ಲ. ಗುಂಡಿಯನ್ನು ಒತ್ತಬಹುದೇ ಹೊರತು ಗುಂಡಿಯನ್ನು ಉಜ್ಜಲಾಗುವುದೆ? ಈ ಇಕ್ಕಟ್ಟಿನಿಂದ ಹುಟ್ಟಿದ್ದೇ ಟೈಮ್‌ಕೋಡ್ ತಟ್ಟೆ. ಹಾಲೆಂಡಿನ ಎನ್‌ಟುಐಟಿ ಎಂಬ ಸಂಸ್ಥೆ ಈ ಶತಮಾನದ ಆರಂಭದ ಹೊತ್ತಿಗೆ ‘ಫೈನಲ್ ಸ್ಕ್ರ್ಯಾಚ್’ ಎಂಬ ಹೆಸರಿನಲ್ಲಿ ಇದನ್ನು ರೂಪಿಸಿತು. ರಿಚಿ ಹಾಟಿನ್, ಜಾನ್ ಅಕ್ವಾವಿವಾ ಎಂಬ ಕಲಾವಿದರು ಮೊದಲಿಗರಾಗಿ ಅದನ್ನು ವೇದಿಕೆಗೆ ತಂದರು. ೨೦೦೪ರಲ್ಲಿ ನ್ಯೂಜಿಲೆಂಡಿನ ಸೆರಾಟೋ ಸಂಸ್ಥೆ ಅಮೆರಿಕದ ರೇನ್ ಕಂಪನಿಯೊಡನೆ ಸೇರಿ ಹೊರತಂದ ಸಾಧನ ಅದನ್ನು ಎಲ್ಲೆಡೆಗೂ ಹರಡಿತು.

ಈ ತಟ್ಟೆಯನ್ನು ಮಾಮೂಲಿನ ಯಂತ್ರದ ಮೇಲಿಟ್ಟು ಹಾಗೆಯೇ ಕೇಳಿದರೆ ಒಂದೇ ಸಮನೆ ‘ಕುಂಯ್’ ಎನ್ನುವ ಕೊರಗು ಕೇಳಿಸುತ್ತದೆ, ಅಷ್ಟೆ. ಸೆರಾಟೋ ತಟ್ಟೆಯಲ್ಲಿ ಆ ಸ್ವರ ಸೆಕೆಂಡಿಗೆ ಸಾವಿರ ಸಲ ಕಂಪಿಸುತ್ತದೆ. ಮುಳ್ಳು ಓದಿದ ಈ ಸ್ವರ ಧ್ವನಿವರ್ಧಕಕ್ಕೆ ಹೋಗುವುದಿಲ್ಲ, ಕಂಪ್ಯೂಟರಿಗೆ ಹೋಗುತ್ತದೆ. ಕಂಪ್ಯೂಟರು ಅದರಿಂದ ಮೂರು ಸಂಗತಿಗಳನ್ನು ತಿಳಿದುಕೊಳ್ಳುತ್ತದೆ: ತಟ್ಟೆ ಎಷ್ಟು ವೇಗವಾಗಿ ತಿರುಗುತ್ತಿದೆ, ಯಾವ ದಿಕ್ಕಿಗೆ ತಿರುಗುತ್ತಿದೆ, ಮುಳ್ಳು ಯಾವ ಜಾಗದಲ್ಲಿದೆ. ಆಮೇಲೆ ತನ್ನ ಉಗ್ರಾಣದಲ್ಲಿರುವ ಯಾವುದೋ ಹಾಡನ್ನು ಅದೇ ವೇಗದಲ್ಲಿ, ಅದೇ ದಿಕ್ಕಿನಲ್ಲಿ, ಅದೇ ಜಾಗದಿಂದ ನುಡಿಸುತ್ತದೆ. ಕೈ ತಟ್ಟೆಯನ್ನು ಹಿಂದಕ್ಕೆಳೆದರೆ ಹಾಡೂ ಹಿಂದಕ್ಕೆ. ಬೆರಳು ತಡೆದರೆ ಹಾಡಿಗೂ ತಡೆ.

ಮೊದಲನೆಯ ಸಂಗತಿ ಸುಲಭ. ತಟ್ಟೆ ನಿಧಾನವಾದರೆ ಸ್ವರ ಇಳಿಯುತ್ತದೆ, ಬಿರುಸಾದರೆ ಏರುತ್ತದೆ. ಸಾವಿರ ಕಂಪನ ಐನೂರಕ್ಕಿಳಿದರೆ ವೇಗ ಅರ್ಧವಾಯಿತೆಂದು ಲೆಕ್ಕ. ಎರಡನೆಯದಕ್ಕೆ ಸ್ವಲ್ಪ ಯುಕ್ತಿ ಬೇಕು. ತಟ್ಟೆಯ ಗೀರಿಗೆ ಎರಡು ಗೋಡೆಗಳಿರುತ್ತವೆ. ಒಂದೊಂದೂ ಒಂದೊಂದು ಕಿವಿಯ ಧ್ವನಿಯನ್ನು ಹೊತ್ತಿರುತ್ತದೆ. ಎರಡರಲ್ಲಿಯೂ ಅದೇ ಸ್ವರವನ್ನಿಟ್ಟು, ಒಂದನ್ನು ಇನ್ನೊಂದಕ್ಕಿಂತ ಕಾಲು ಕಂಪನದಷ್ಟು ಹಿಂದಿಡುತ್ತಾರೆ. ಕೆರೆಯ ಏರಿಯ ಮೇಲೆ ಇಬ್ಬರು ಹೆಜ್ಜೆ ಅಂತರದಲ್ಲಿ ಹೋಗುತ್ತಿದ್ದಾರೆನ್ನಿ. ಅವರು ತಿರುಗಿ ಹೊರಟರೆ ಹಿಂದಿದ್ದವನು ಮುಂದಾಗುತ್ತಾನೆ. ಯಾರು ಮುಂದಿದ್ದಾರೆಂದು ನೋಡಿದರೆ ದಿಕ್ಕು ತಿಳಿಯಿತು.

ಮೂರನೆಯದು ನಿಜವಾಗಿ ಸ್ವಾರಸ್ಯವಾದದ್ದು. ಇದನ್ನು ವಿವರಿಸಲು ಹೊರದೇಶದ ಉದಾಹರಣೆ ಬೇಕಿಲ್ಲ. ನಮ್ಮ ಛಂದಸ್ಸಿನ ಪಾಠದ ‘ಯಮಾತಾರಾಜಭಾನಸಲಗಂ’ ಎಂಬ ಸೂತ್ರವೇ ಸಾಕು. ಹತ್ತಕ್ಷರಗಳ ಈ ಸಾಲಿನಲ್ಲಿ ಎಲ್ಲಿಂದಲಾದರೂ ಮೂರಕ್ಷರ ತೆಗೆದುಕೊಳ್ಳಿ: ‘ಯಮಾತಾ’ ಯಗಣ, ‘ಮಾತಾರಾ’ ಮಗಣ, ‘ತಾರಾಜ’ ತಗಣ, ಹೀಗೆಯೇ ಕೊನೆಯ ‘ಸಲಗಂ’ ಸಗಣ. ಎಂಟು ಗಣಗಳೂ ಒಂದೊಂದೇ ಸಲ ಬರುತ್ತವೆ, ಯಾವುದೂ ಎರಡು ಸಲ ಬರುವುದಿಲ್ಲ. ಆದ್ದರಿಂದ ಮೂರೇ ಅಕ್ಷರಗಳ ಗುರುಲಘುಗಳನ್ನು ಕಿವಿಗೆ ಕೇಳಿಸಿದರೂ ಸಾಲಿನ ಯಾವ ಜಾಗದಲ್ಲಿದ್ದೇವೆಂದು ಹೇಳಿಬಿಡಬಹುದು. ಟೈಮ್‌ಕೋಡ್ ತಟ್ಟೆಯ ಗುಟ್ಟೂ ಇದೇ. ಪ್ರತಿಯೊಂದು ಕಂಪನವನ್ನೂ ತುಸು ದೊಡ್ಡದಾಗಿಯೋ ತುಸು ಸಣ್ಣದಾಗಿಯೋ ಕೊರೆದಿರುತ್ತಾರೆ. ದೊಡ್ಡದು ಗುರು, ಸಣ್ಣದು ಲಘು ಎನ್ನೋಣ. ಮೂರರ ಬದಲು ಇಪ್ಪತ್ತರ ಗಣ. ಮೂರಕ್ಕೆ ಎಂಟು ಬಗೆಯಾದರೆ ಇಪ್ಪತ್ತಕ್ಕೆ ಹತ್ತು ಲಕ್ಷಕ್ಕೂ ಮೀರಿದ ಬಗೆಗಳು. ಹದಿನೈದು ನಿಮಿಷದ ಒಂದು ಮಗ್ಗುಲಿನಲ್ಲಿ ಕಂಪನಗಳು ಒಂಬತ್ತು ಲಕ್ಷ. ಆದ್ದರಿಂದ ಒಂದೂ ಮರುಕಳಿಸಬೇಕಾಗಿಲ್ಲ. ಇಪ್ಪತ್ತು ಕಂಪನಗಳೆಂದರೆ ಸೆಕೆಂಡಿನ ಐವತ್ತನೆಯ ಒಂದು ಪಾಲು. ಅಷ್ಟರೊಳಗೆ ಮುಳ್ಳು ತಾನೆಲ್ಲಿದ್ದೇನೆಂದು ಹೇಳಿಬಿಡುತ್ತದೆ. ಛಂದಶ್ಶಾಸ್ತ್ರವನ್ನು ಒಣ ವಿದ್ಯೆಯೆಂದು ಹಳಿಯುವವರು ಈ ತಟ್ಟೆಯನ್ನೊಮ್ಮೆ ನೋಡಬೇಕು. ಅದರಲ್ಲಿ ಪದ್ಯವಿಲ್ಲ, ಪ್ರಾಸವಿಲ್ಲ, ಅರ್ಥವಿಲ್ಲ, ಬರಿಯ ಗುರುಲಘು. ಆದರೂ ಲೋಕದ ಹಾಡುಗಳೆಲ್ಲ ಅದರ ಹಿಡಿತದಲ್ಲಿ ಕುಣಿಯುತ್ತವೆ.

ಇನ್ನು ಆಕ್ಷೇಪಣೆಗಳು. ಮೊದಲನೆಯದು, ಇದು ಮೋಸವೆಂಬುದು. ಹಾಡಿಲ್ಲದ ತಟ್ಟೆಯನ್ನು ತಿರುಗಿಸುತ್ತ ಹಾಡು ಅದರಿಂದಲೇ ಬರುತ್ತಿದೆಯೆಂಬ ಭ್ರಮೆ ಹುಟ್ಟಿಸುವುದು ಗಾರುಡಿಯಲ್ಲವೆ ಎಂದು ಕೇಳುವವರಿದ್ದಾರೆ. ಇದಕ್ಕೆ ಉತ್ತರವನ್ನು ಸೂಳೆಕೆರೆಯ ತೂಬಿನ ಬಳಿ ನಿಂತು ಹೇಳುವುದು ಮೇಲು. ಎರಡು ಗುಡ್ಡಗಳ ನಡುವಣ ಕಣಿವೆಗೆ ಏರಿ ಹಾಕಿ, ಹರಿದ್ರೆಯನ್ನು ತಡೆದು ಕಟ್ಟಿದ ಆ ಕೆರೆ ಆರು ಸಾವಿರ ಎಕರೆಗೂ ಮೀರಿ ಹರಡಿದೆ. ಸಿದ್ಧನ ನಾಲೆ, ಬಸವನ ನಾಲೆ ಎಂದು ಅದರ ನೀರು ಎರಡಾಗಿ ಹೊರಡುತ್ತದೆ. ನಮ್ಮ ಕೆರೆಗಳ ಏರ್ಪಾಟಿನಲ್ಲಿ ತೂಬು ತೆಗೆದು ಮುಚ್ಚಿ ಗದ್ದೆಗದ್ದೆಗೆ ನೀರು ಹಂಚುವವನನ್ನು ನೀರುಗಂಟಿ ಎನ್ನುತ್ತಾರೆ. ನೀರು ಅವನದಲ್ಲ, ಕೆರೆ ಅವನು ಕಟ್ಟಿಸಿದ್ದಲ್ಲ, ಬೆಳೆಯೂ ಅವನದಲ್ಲ. ತೂಬಿನ ಒಳಗೆ ನೀರು ಹುಟ್ಟುವುದಿಲ್ಲವೆಂದು ನೀರುಗಂಟಿಯನ್ನು ಮೋಸಗಾರನೆಂದವರುಂಟೆ? ಎಷ್ಟು ಬಿಡಬೇಕು, ಯಾವಾಗ ತಡೆಯಬೇಕು, ಕೊನೆಯ ಮಡಿಯವರೆಗೆ ಹರಿಯಿತೆ ಎಂಬ ಲೆಕ್ಕವೇ ಅವನ ವಿದ್ಯೆ. ಟೈಮ್‌ಕೋಡ್ ತಟ್ಟೆ ಒಂದು ತೂಬು. ಅದರ ಹಿಂದೆ ಕೂತವನು ನಾದದ ನೀರುಗಂಟಿ. ಅವನನ್ನು ಅಳೆಯಬೇಕಾದದ್ದು ಹಾಡು ಎಲ್ಲಿಂದ ಬಂತೆಂಬುದರಿಂದಲ್ಲ, ಹೇಗೆ ಹರಿಯಿತೆಂಬುದರಿಂದ.

ಎರಡನೆಯ ಆಕ್ಷೇಪಣೆ ಇದಕ್ಕಿಂತ ಗಟ್ಟಿಯಾದದ್ದು. ಕಂಪ್ಯೂಟರು ಒಳಗೆ ಕಾಲಿಟ್ಟ ಮೇಲೆ ಕೈಯ ಅಗತ್ಯವೇ ಕ್ರಮೇಣ ಇಲ್ಲವಾಗುವುದಿಲ್ಲವೆ? ಇದರಲ್ಲಿ ಹುರುಳಿದೆ. ಈ ಸಾಧನಗಳು ಎರಡು ಬಗೆಯಲ್ಲಿ ಕೆಲಸ ಮಾಡುತ್ತವೆ. ಒಂದರಲ್ಲಿ ಮುಳ್ಳಿನ ಜಾಗವೇ ಹಾಡಿನ ಜಾಗ. ಮುಳ್ಳನ್ನೆತ್ತಿ ತಟ್ಟೆಯ ನಡುವಿಗಿಟ್ಟರೆ ಹಾಡೂ ನಡುವಿಗೆ ನೆಗೆಯುತ್ತದೆ, ಮುಳ್ಳು ಎಡವಿದರೆ ಹಾಡೂ ಎಡವುತ್ತದೆ. ಇನ್ನೊಂದರಲ್ಲಿ ಕಂಪ್ಯೂಟರು ವೇಗ ಮತ್ತು ದಿಕ್ಕುಗಳನ್ನು ಮಾತ್ರ ಕೇಳಿ, ಜಾಗದ ಮಾತನ್ನು ಕಿವಿಗೆ ಹಾಕಿಕೊಳ್ಳುವುದಿಲ್ಲ. ಮುಳ್ಳು ನೆಗೆದರೂ ಹಾಡು ಅಳುಕುವುದಿಲ್ಲ. ಎರಡನೆಯದು ಕ್ಷೇಮ, ಮೇಜು ಅಲುಗಾಡುವ ಕಡೆ ಅದನ್ನು ಆರಿಸಿಕೊಳ್ಳುವವರನ್ನು ಹಳಿಯಲಾಗದು. ಆದರೆ ಇಂದಿನ ತಂತ್ರಾಂಶಗಳಲ್ಲಿ ಇನ್ನೂ ಮುಂದಿನ ಸೌಕರ್ಯವಿದೆ: ‘ಸಿಂಕ್’ ಎಂಬ ಗುಂಡಿ. ಅದನ್ನೊತ್ತಿದರೆ ಎರಡು ಹಾಡುಗಳ ತಾಳ ತಾವಾಗಿಯೇ ಕೂಡಿಕೊಳ್ಳುತ್ತವೆ. ಕಿವಿಗೊಟ್ಟು, ಬೆರಳ ತುದಿಯಿಂದ ತಟ್ಟೆಯನ್ನು ಕೂದಲೆಳೆಯಷ್ಟು ತಳ್ಳಿ, ಎರಡು ಲಯಗಳನ್ನು ಒಂದಾಗಿಸುತ್ತಿದ್ದ ವಿದ್ಯೆ ಅಲ್ಲಿಗೆ ಅಲಂಕಾರವಾಗಿ ಉಳಿಯುತ್ತದೆ. ಆಗ ತಟ್ಟೆ ತಿರುಗುತ್ತಿರುವುದು ಪ್ರೇಕ್ಷಕರ ಕಣ್ಣಿಗಾಗಿ. ಮೋಸವೆಂಬ ಮಾತು ಸಲ್ಲುವುದಾದರೆ ಇಲ್ಲಿ ಸಲ್ಲುತ್ತದೆ.

ಮೂರನೆಯ ಸಂಗತಿಯನ್ನು ಈ ತಟ್ಟೆಯ ಅಭಿಮಾನಿಗಳು ಎತ್ತುವುದಿಲ್ಲ. ಅದು ಹೆಸರಿನ ಪ್ರಶ್ನೆ. ೧೯೦೨ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಗ್ರಾಮೊಫೋನಿಗೆ ಹಾಡಿದಾಗ, ಹಾಡಿನ ಕೊನೆಗೆ ತನ್ನ ಹೆಸರನ್ನು ತಾನೇ ಕೂಗಿ ಹೇಳುತ್ತಿದ್ದಳು. ಆ ತಟ್ಟೆಗಳು ಅಚ್ಚಾಗುತ್ತಿದ್ದುದು ದೂರದ ಜರ್ಮನಿಯ ಹ್ಯಾನೋವರಿನಲ್ಲಿ. ಅಲ್ಲಿಯವರಿಗೆ ಇದು ಯಾರ ಹಾಡೆಂದು ಗುರುತು ಸಿಕ್ಕಬೇಕಲ್ಲ! ಅದೇ ಗೌಹರ್ ಜಾನ್ ಕೊನೆಗಾಲದಲ್ಲಿ ಮೈಸೂರು ಅರಮನೆಯ ಆಶ್ರಯಕ್ಕೆ ಬಂದು, ೧೯೩೦ರಲ್ಲಿ ಮೈಸೂರಿನಲ್ಲಿಯೇ ತೀರಿಕೊಂಡಳು. ೧೯೩೨ರಲ್ಲಿ ಗಂಗೂಬಾಯಿ ಹಾನಗಲ್ಲರು ಎಚ್‌ಎಂವಿಗೆ ಹಾಡಿದಾಗ ಚೀಟಿಯ ಮೇಲೆ ಅಚ್ಚಾದದ್ದು ಹುಬ್ಬಳ್ಳಿಯ ಗಾಂಧಾರಿ ಎಂದು. ಹೆಸರು ಹೇಗೇ ಇರಲಿ, ಊರಾದರೂ ಇತ್ತು. ತಟ್ಟೆಯ ನಡುವಿನ ದುಂಡು ಚೀಟಿ ಹಾಡಿದವರ ವಿಳಾಸವಾಗಿತ್ತು. ಟೈಮ್‌ಕೋಡ್ ತಟ್ಟೆಯ ಚೀಟಿಯ ಮೇಲೆ ತಂತ್ರಾಂಶದ ಕಂಪನಿಯ ಹೆಸರು ಮಾತ್ರ ಇರುತ್ತದೆ. ರಾತ್ರಿಯಿಡೀ ನೂರು ಜನರ ಹಾಡು ಅದರ ಅಡಿಯಲ್ಲಿ ಹರಿದುಹೋದರೂ ಒಬ್ಬರ ಹೆಸರೂ ಅದರ ಮೇಲೆ ಕಾಣುವುದಿಲ್ಲ.

ಇಲ್ಲಿ ಸೂಳೆಕೆರೆಯ ಕಥೆ ಮತ್ತೆ ನೆನಪಾಗುತ್ತದೆ. ರಾಜಪುತ್ರಿ ಶಾಂತವ್ವ ಕೆರೆ ಕಟ್ಟಿಸಲು ಹೊರಟಳಂತೆ. ನೆಲ ಸೂಳೆಯರದು. ಅವರು ಹೊನ್ನನ್ನು ಕೇಳಲಿಲ್ಲ, ಕೆರೆಗೆ ತಮ್ಮ ಹೆಸರಿರಬೇಕೆಂದರು, ಆಕೆ ಒಪ್ಪಿದಳು. ಕಾಗದಪತ್ರಗಳಲ್ಲಿ ಕೆರೆಯ ಹೆಸರು ಶಾಂತಿಸಾಗರ; ಜನರ ಬಾಯಲ್ಲಿ ಇವತ್ತಿಗೂ ಸೂಳೆಕೆರೆಯೇ. ಸಭ್ಯರು ಉಚ್ಚರಿಸಲು ತಡವರಿಸುವ ಆ ಹೆಸರನ್ನು ಜನ ಕೊಟ್ಟ ಮಾತಿನಂತೆ ನಡೆಸಿಕೊಂಡು ಬಂದಿದ್ದಾರೆ. ಕಥೆ ಚರಿತ್ರೆಯೋ ಅಲ್ಲವೋ, ಅದರ ನೀತಿ ಸ್ಪಷ್ಟವಾಗಿದೆ: ನೀರು ಯಾರು ಬೇಕಾದರೂ ಕುಡಿಯಲಿ, ನೆಲ ಕೊಟ್ಟವರ ಹೆಸರು ಅಳಿಸಬಾರದು. ಚಿತ್ರದುರ್ಗದ ನಲ್ಲಿಯಲ್ಲಿ ನೀರು ಹಿಡಿಯುವವರೂ ಆ ಕೆರೆಯನ್ನೇ ಕುಡಿಯುತ್ತಿರುವುದು.

ಈ ನೀತಿಯನ್ನು ಏಕೆ ಎತ್ತಿದೆವೆಂದರೆ, ಈ ತಟ್ಟೆಯ ದೊಡ್ಡ ಆಸೆಯೂ ದೊಡ್ಡ ಅಪಾಯವೂ ಒಂದೇ ಜಾಗದಲ್ಲಿವೆ. ಹಿಂದೆ ಯಾವ ಕಂಠ ತಟ್ಟೆಗೇರಬೇಕೆಂದು ತೀರ್ಮಾನಿಸುತ್ತಿದ್ದವರು ಕಲ್ಕತ್ತೆ, ಮುಂಬಯಿ, ಮದರಾಸುಗಳ ಕಂಪನಿಗಳು. ಮೂರು ನಿಮಿಷಕ್ಕೆ ಒಗ್ಗದ ಹಾಡು, ಮಾರಾಟವಾಗದ ಹಾಡು, ಪೇಟೆಗೆ ಬಾರದ ಹೆಂಗಸಿನ ಹಾಡು ತಟ್ಟೆಯಾಗಲಿಲ್ಲ. ನಮ್ಮ ಸೋಬಾನೆ, ಬೀಸುವ ಪದ, ಭಜನೆಯ ತತ್ವಪದಗಳಲ್ಲಿ ಬಹುಪಾಲಿಗೆ ಆ ಬಾಗಿಲು ತೆರೆಯಲೇ ಇಲ್ಲ. ಆಮೇಲೆ ಬಂದ ಕ್ಯಾಸೆಟ್ಟಿನ ಕಾಲದ ಸಾವಿರಾರು ಕನ್ನಡ ಹಾಡುಗಳಿಗೂ ತಟ್ಟೆಯೆಂಬುದಿಲ್ಲ. ಇವತ್ತು ಹಾಗಲ್ಲ. ಚನ್ನಗಿರಿಯ ಯಾವುದೋ ಹಟ್ಟಿಯ ಮುದುಕಿ ಹಾಡಿದ್ದನ್ನು ಮೊಮ್ಮಗ ಮೊಬೈಲಿನಲ್ಲಿ ಹಿಡಿದಿಟ್ಟರೆ ಸಾಕು, ಅದು ಟೈಮ್‌ಕೋಡ್ ತಟ್ಟೆಯ ಮುಳ್ಳಿನಡಿಗೆ ಬರುತ್ತದೆ. ಕಾರ್ಖಾನೆಯ ಅಪ್ಪಣೆ ಬೇಕಿಲ್ಲ. ಅದಕ್ಕೆ ದುಬಾರಿ ತಂತ್ರಾಂಶವೂ ಬೇಕಾಗಿಲ್ಲ. ಮಿಕ್ಸ್, ಎಕ್ಸ್‌ವ್ಯಾಕ್ಸ್ ಎಂಬ ತಂತ್ರಾಂಶಗಳನ್ನು ಅವುಗಳ ಕರ್ತೃಗಳು ಲೋಕಕ್ಕೆ ಪುಕ್ಕಟೆಯಾಗಿ ಬಿಟ್ಟುಕೊಟ್ಟಿದ್ದಾರೆ. ತಟ್ಟೆಯ ಯಂತ್ರಕ್ಕೆ ಹಣ ಬೇಕೆಂಬುದೇನೋ ನಿಜ. ಆದರೆ ಧ್ವನಿವರ್ಧಕಗಳ ಗೋಪುರಕ್ಕೆ ಸುರಿಯುವ ದುಡ್ಡನ್ನು ನೋಡಿದವರು ಆ ಮಾತನ್ನು ಆಡಲಾರರು.

ಸೊಲ್ಲೆತ್ತುವವಳು ಒಬ್ಬಳು, ಹಿಂದೆ ಮೇಳದವರು ಅದನ್ನೇ ಮರಳಿ ಹಾಡುವವರು ಎಂಬ ನಮ್ಮ ಜನಪದ ಗಾನದ ರೀತಿಗೂ, ಒಂದು ಸಾಲನ್ನು ಹಿಡಿದು ಮರಳಿ ಮರಳಿ ನುಡಿಸುವ ತಟ್ಟೆಯ ರೀತಿಗೂ ಹೊಂದಿಕೆಯಿದೆ. ನುರಿತ ಕೈ ಆ ಮುದುಕಿಯ ಸೊಲ್ಲನ್ನು ಎತ್ತಿ ತೋರಿಸಬಲ್ಲದು. ಅಡ್ಡಾದಿಡ್ಡಿ ಕೈ ಅದನ್ನು ಕೊಚ್ಚಿ ಹಾಕಬಲ್ಲದು. ಎರಡಕ್ಕೂ ಇರುವ ಭೇದವನ್ನು ಗುರುತಿಸುವ ಪರೀಕ್ಷೆ ಸರಳವಾಗಿದೆ. ತಟ್ಟೆಯ ಆಟವೆಲ್ಲ ಮುಗಿದ ಮೇಲೆ, ಕೇಳಿದವನಿಗೆ ಮೂಲದ ಹಾಡನ್ನು ಇಡಿಯಾಗಿ ಕೇಳಬೇಕೆನ್ನಿಸಿತೆ? ಹಾಡಿದಾಕೆಯ ಹೆಸರು ಅವನ ಕಿವಿಗೆ ಬಿತ್ತೆ? ಎರಡಕ್ಕೂ ಹೌದೆಂಬ ಉತ್ತರ ಬಂದರೆ ನೀರುಗಂಟಿ ತನ್ನ ಕೆಲಸ ಮಾಡಿದ್ದಾನೆ.

ಈಗ ಟ್ರ್ಯಾಕ್ಟರಿನ ಬಳಿಗೆ ಮರಳಿ ಬರೋಣ. ಅಲ್ಲಿ ಏನಿದೆ? ಯಾರೋ ಮೊದಲೇ ಜೋಡಿಸಿಟ್ಟ ಹಾಡುಗಳ ಸರ; ಅದನ್ನು ಹಚ್ಚಿ ಬಿಟ್ಟುಬಿಡುವುದು. ತಡೆಯುವ ಬೆರಳಿಲ್ಲ, ಆಲಿಸುವ ಕಿವಿಯಿಲ್ಲ, ಮುಂದಿನ ಹಾಡು ಯಾವುದಿರಬೇಕೆಂದು ಕುಣಿಯುವವರ ಮುಖ ನೋಡಿ ನಿರ್ಧರಿಸುವ ಕಣ್ಣಿಲ್ಲ. ತೂಬನ್ನು ಪೂರಾ ಕಿತ್ತಿಟ್ಟು ನೀರುಗಂಟಿ ಮನೆಗೆ ಹೋಗಿ ಮಲಗಿದಂತೆ. ಅದನ್ನು ನೀರಾವರಿ ಎನ್ನುವುದಿಲ್ಲ, ಪ್ರವಾಹ ಎನ್ನುತ್ತೇವೆ. ಆ ಪ್ರವಾಹದಲ್ಲಿ ಮೊದಲು ಕೊಚ್ಚಿಹೋದವರು ಡೊಳ್ಳಿನವರು, ತಮಟೆಯವರು, ಬ್ಯಾಂಡಿನವರು. ಕೈಯಿಂದ ಹೊಟ್ಟೆ ಹೊರೆಯುತ್ತಿದ್ದವರು. ೨೦೦೦ದ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲು ೫೫, ಇರುಳು ೪೫ ಡೆಸಿಬೆಲ್ ಎಂದು ಮಿತಿ ಹಾಕಿವೆ. ನಿಯಮ ಗದ್ದಲವನ್ನು ಅಳೆಯಬಲ್ಲದು, ಕಲೆಯನ್ನು ಅಳೆಯಲಾರದು. ಅಳೆಯಬೇಕೆಂದು ನಿರೀಕ್ಷಿಸುವುದೂ ತಪ್ಪು. ಆ ಕೆಲಸ ನಮ್ಮದು. ನಿಷೇಧದ ಪರವಾಗಿ ಮಾತನಾಡಿದವರೂ ವಿರೋಧವಾಗಿ ಮಾತನಾಡಿದವರೂ ಡಿಜೆ ಎಂದು ಕರೆದದ್ದು ಡಿಜೆಯಿಲ್ಲದ ಪೆಟ್ಟಿಗೆಗಳನ್ನು. ನಿಜವಾದ ತಟ್ಟೆಯ ಸವಾರ ಆ ಬೀದಿಗಳಿಗೆ ಬರುವ ಮೊದಲೇ ಅವನ ಹೆಸರು ಕೆಟ್ಟಿತು.

ನಮ್ಮ ಸೂಚನೆಯೊಂದಿದೆ. ಚನ್ನಗಿರಿಯಲ್ಲೋ ದಾವಣಗೆರೆಯಲ್ಲೋ ಯಾವುದಾದರೊಂದು ಕಾಲೇಜಿನ ಯುವಜನೋತ್ಸವದಲ್ಲಿ ಒಂದು ಸಂಜೆಯನ್ನು ಇದಕ್ಕೆ ಮೀಸಲಿಡಲಿ. ಎರಡು ಯಂತ್ರ, ಎರಡು ಹಾಡಿಲ್ಲದ ತಟ್ಟೆ, ಒಂದು ಕಂಪ್ಯೂಟರು. ‘ಸಿಂಕ್’ ಗುಂಡಿ ಒತ್ತಕೂಡದು. ಹಾಡುಗಳು ಸೂಳೆಕೆರೆಯ ಸುತ್ತಿನ ಊರುಗಳಲ್ಲಿ ವಿದ್ಯಾರ್ಥಿಗಳೇ ಹಿಡಿದು ತಂದವಾಗಿರಲಿ. ಹಾಡಿದವರು ಮುಂದಿನ ಸಾಲಿನಲ್ಲಿ ಕುಳಿತಿರಲಿ, ಪ್ರತಿ ಹಾಡಿಗೂ ಮೊದಲು ಅವರ ಹೆಸರನ್ನೂ ಊರನ್ನೂ ಹೇಳಲಿ. ಪಕ್ಕದಲ್ಲಿ ಒಂದು ಡೊಳ್ಳಿನ ಮೇಳವೂ ಇರಲಿ, ಲಯ ತಪ್ಪಿದರೆ ತಿದ್ದುವುದಕ್ಕೆ. ಧ್ವನಿವರ್ಧಕ ಸಭಾಂಗಣದ ಕೊನೆಯ ಸಾಲಿಗೆ ಕೇಳುವಷ್ಟಿದ್ದರೆ ಸಾಕು. ತೀರ್ಪನ್ನು ಮುಂದಿನ ಸಾಲಿನ ಮುದುಕಿಯರಿಗೇ ಬಿಡೋಣ.